ಹಿಡಿ ಹೇಳುವುದು ಊರನ್ನು, ವಯಸ್ಸನ್ನಲ್ಲ

ಮನೆಯಲ್ಲಿ ಹಳೆಯ ಕೊಡಲಿ ಇದ್ದರೆ ಅದರ ವಯಸ್ಸೆಷ್ಟೆಂದು ಅಜ್ಜನನ್ನು ಕೇಳಿ ನೋಡಿ. 'ಕಾವು ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ, ಕೊಡಲಿ ಮಾತ್ರ ನಮ್ಮಪ್ಪ ತಂದದ್ದು' ಎಂದಾರು. ಇಂಡೊನೇಷ್ಯಾದ ಕೆರಿಸ್ ಎಂಬ ಕಠಾರಿಯ ವಯಸ್ಸು ಹುಡುಕುವವರ ಕಷ್ಟವೂ ಇದೇ.

ಇದು ಕೆರಿಸ್ ಎಂದು ಗುರುತಿಸುವುದೇನೋ ಸುಲಭ. ಅಲಗು ಬುಡದಲ್ಲಿ ಒಂದೇ ಪಕ್ಕಕ್ಕೆ ಹೆಚ್ಚು ಚಾಚಿಕೊಂಡಿರುತ್ತದೆ. ಕೆಲವು ನೆಟ್ಟಗೆ, ಕೆಲವು ಹಾವು ಹರಿದಂತೆ ಅಂಕುಡೊಂಕು. ಡೊಂಕುಗಳನ್ನು ಎಣಿಸಿದರೆ ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯೇ ಬರುವುದು ಪದ್ಧತಿ.

ನೋಡುವವರ ಕಣ್ಣು ಮೊದಲು ಹೋಗುವುದು ಕೆತ್ತನೆಯ ಹಿಡಿಯ ಮೇಲೆ. ಜಾವಾದ ಹಿಡಿ ಮುಂದಕ್ಕೆ ಬಾಗಿ ಕೂತ ಮನುಷ್ಯನಂತೆ, ಆದರೆ ಕಣ್ಣು ಮೂಗು ಕಾಣದಷ್ಟು ನುಣುಪು. ಬಾಲಿಯಲ್ಲಿ ದೇವತೆಗಳು, ಕೋರೆಹಲ್ಲಿನ ರಾಕ್ಷಸರು. ಮದುರಾ ದ್ವೀಪದವರು ದಂತದಲ್ಲಿ ಹೂಬಳ್ಳಿ ಕೆತ್ತುತ್ತಾರೆ. ಸುಮಾತ್ರದ ಒಂದು ಹಿಡಿಯಂತೂ ಚಳಿಗೆ ಮೈ ಮುದುಡಿ ತನ್ನನ್ನೇ ಅಪ್ಪಿಕೊಂಡು ಕೂತ ಆಳಿನಂತಿದೆ. ಅದರ ಹೆಸರು 'ಜಾವಾ ದೆಮಾಮ್', ಅಂದರೆ ಜ್ವರ ಬಂದ ಜಾವಾದವನು!

ಹಿಡಿಯಿಂದ ಊರು ಊಹಿಸಬಹುದು. ಆದರೆ ಅಲಗಿನ ಬುಡದ ಸಣ್ಣ ಕಡ್ಡಿಗೆ ಸಿಕ್ಕಿಸಿದ ಹಿಡಿಯನ್ನು ಎಳೆದು ಬೇರೆಯದನ್ನು ಹಾಕುವುದು ಕಷ್ಟವಲ್ಲ. ಜಾವಾದ ಅಲಗು ಬಾಲಿಯವನ ಕೈಸೇರಿದರೆ ಅದಕ್ಕೆ ಬಾಲಿಯ ಹಿಡಿ. ಆದ್ದರಿಂದ ವಯಸ್ಸನ್ನು ಅಲಗಿನಲ್ಲೇ ಹುಡುಕಬೇಕು.

'ಎಂಪು' ಎನಿಸಿಕೊಂಡ ಕಮ್ಮಾರರು ಸಾದಾ ಕಬ್ಬಿಣದ ಜೊತೆ ನಿಕ್ಕಲ್ ಬೆರೆತ ಕಬ್ಬಿಣವನ್ನು ಪದರ ಪದರವಾಗಿ ಬಡಿದು ಅಲಗು ಮಾಡುತ್ತಾರೆ. ಅದನ್ನು ನಿಂಬೆರಸ ಮತ್ತು ಆರ್ಸೆನಿಕ್ ವಿಷದಿಂದ ತೊಳೆದಾಗ ಸಾದಾ ಕಬ್ಬಿಣ ಕಪ್ಪಾಗಿ, ನಿಕ್ಕಲ್ ಪದರ ಬೆಳ್ಳಗೆ ಉಳಿದು ಚಿತ್ತಾರ ಏಳುತ್ತದೆ. (ಮಕ್ಕಳೇ, ಇದನ್ನು ಅಡುಗೆಮನೆಯಲ್ಲಿ ಮಾಡಿ ನೋಡಬೇಡಿ.) ಜಾವಾದಲ್ಲಿ ವರ್ಷದ ಮೊದಲ ತಿಂಗಳಾದ ಸುರೊದಲ್ಲಿ ಕೆರಿಸ್ ತೊಳೆಯುವ ಪದ್ಧತಿಯಿದೆ. ತೊಳೆದೂ ತೊಳೆದೂ ಹಳೆಯ ಅಲಗು ಸವೆದು ತೆಳ್ಳಗಾಗುತ್ತದೆ. ಕಬ್ಬಿಣದ ಬಣ್ಣ, ಚಿತ್ತಾರ, ಮೈಕಟ್ಟು ನೋಡಿ ಬಲ್ಲವರು 'ಇದು ಮಜಪಹಿತ್ ಕಾಲದ್ದು', 'ಇದು ಮತರಾಮ್' ಎನ್ನುತ್ತಾರೆ. ಆದರೂ ಅದು ಅಂದಾಜೇ. ಇಬ್ಬರು ಬಲ್ಲವರು ಎರಡು ಮಾತು ಹೇಳುವುದೂ ಉಂಟು.

ಇಸವಿ ಕೆತ್ತಿದ ಅಲಗು ಬಹಳ ಅಪರೂಪ. ಡಚ್ ವೈದ್ಯ ಕ್ನೌಡ್‌ಗೆ 19ನೇ ಶತಮಾನದಲ್ಲಿ ಜಾವಾದ ರಾಜಮನೆತನದಿಂದ ಉಡುಗೊರೆ ಬಂದ ಕೆರಿಸ್ ಮೇಲೆ 1264 ಎಂದಿದೆ. ಅದು ಶಕ ವರ್ಷ, ಅಜ್ಜಿಯ ಪಂಚಾಂಗದ ಶಾಲಿವಾಹನ ಶಕವೇ! 78 ಕೂಡಿಸಿ: ಕ್ರಿ.ಶ. 1342. ಅದರ ಮೇಲೆ ರಾಮಾಯಣದ ಚಿತ್ರಗಳೂ ಇವೆ.

ಇಸವಿ ಇಲ್ಲದಿದ್ದರೆ ಕಾಗದಪತ್ರವೇ ಗತಿ. 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಯುದ್ಧ ನಡೆಸಿದ ಜಾವಾದ ರಾಜಕುಮಾರ ದಿಪೊನೆಗೊರೊ. ಮಾತುಕತೆಗೆ ಕರೆದು ಅವನನ್ನು ಸೆರೆಹಿಡಿದರು. ಗಡೀಪಾರಾದವನು ಊರಿಗೆ ಮರಳಲೇ ಇಲ್ಲ. 'ನಾಗ ಸಿಲುಮನ್' ಎಂಬ ಅವನ ಕೆರಿಸ್ 1831ರಲ್ಲಿ ಡಚ್ ದೊರೆಗೆ ಸೇರಿತು. 1883ರಲ್ಲಿ ದೊರೆಯ ಸಂಗ್ರಹವನ್ನು ಹಂಚಿದಾಗ ಅದು ಲೈಡನ್ ನಗರದ ಮ್ಯೂಸಿಯಂಗೆ ಹೋಯಿತು. ಅದರ ಜೊತೆಗಿದ್ದ ಕಾಗದ ಬೇರೆ ಕಡೆ ಹೋಯಿತು. ರಾಜಕುಮಾರನ ಕೆರಿಸ್ ಹತ್ತರಲ್ಲಿ ಹನ್ನೊಂದಾಯಿತು.

ಬಹುಕಾಲದ ಹುಡುಕಾಟದ ನಂತರ ಸಿಕ್ಕ ಆಧಾರವೆಂದರೆ ಸೆಂಟೊಟ್ ಎಂಬ ದಿಪೊನೆಗೊರೊನ ಸೇನಾನಿಯ ಪತ್ರ. ರಾಜಕುಮಾರ ಕೆರಿಸನ್ನು ಡಚ್ ಕರ್ನಲ್ ಕ್ಲೀರೆನ್ಸ್‌ಗೆ ಕೊಟ್ಟದ್ದನ್ನು ತಾನೇ ಕಂಡೆ ಎಂದು ಅವನು ಬರೆದಿದ್ದ. ಪತ್ರದ ಮೇಲೆ ಜಾವಾದ ಪ್ರಸಿದ್ಧ ಚಿತ್ರಕಾರ ರಾದೆನ್ ಸಾಲೆಹ್ ಆ ಕೆರಿಸ್ ಹೇಗಿದೆಯೆಂದು ಬರೆದಿಟ್ಟಿದ್ದ. ಆ ವಿವರವನ್ನು ಮ್ಯೂಸಿಯಂನ ಕೆರಿಸ್‌ಗಳ ಜೊತೆ ತಾಳೆ ನೋಡಿದಾಗ ಒಂದು ಹೊಂದಿತು. ಅಲಗಿನ ಮೇಲಿನ ನಾಗನ ಮೈಯಲ್ಲಿ ಚಿನ್ನದ ಕುರುಹು ಇನ್ನೂ ಉಳಿದಿತ್ತು.

2020ರ ಮಾರ್ಚ್‌ನಲ್ಲಿ ಅದು ಇಂಡೊನೇಷ್ಯಾಕ್ಕೆ ಮರಳಿತು. ಬಂದದ್ದೇ ತಡ, ಈ ಆಕಾರದ ಅಲಗನ್ನು ನಾಗ ಸಿಲುಮನ್ ಎನ್ನಬಹುದೇ ಎಂದು ಅಲ್ಲಿನ ಕೆರಿಸ್ ಬಲ್ಲವರಲ್ಲಿ ಚರ್ಚೆ ಶುರುವಾಯಿತು.