ಪ್ರಯೋಗಶಾಲೆಯ ಚಿಗರಿ, ಹೊಲದ ಚಿಗರಿ

ಮುಂಗಾರಿ ಬಿತ್ತಿಗೆ ಮುಗಿದು ಹದಿನೈದು ದಿನ ಆಯಿತೆಂದರೆ ಮಕ್ತಲ್ ಕಡೆ ರೈತರಿಗೆ ಮನೆಯ ಮಂಚ ಮರೆತುಹೋಗುತ್ತದೆ. ಒಬ್ಬ ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತಾನೆ. ಇನ್ನೊಬ್ಬ ಬದುವಿನ ಮೇಲೆ ನಿಂತು ಬ್ಯಾಟರಿ ಬಿಡುತ್ತಾನೆ. ಮತ್ತೊಬ್ಬ ಹೆಂಡತಿಯ ಹಳೆ ಸೀರೆಗಳನ್ನು ಕಟ್ಟಿಗೆಗೆ ಸುತ್ತಿ ಬೇಲಿ ಮಾಡುತ್ತಾನೆ. ಆದರೂ ಬೆಳಗಿನ ಜಾವ ಒಂದರ್ಧ ತಾಸು ಕಣ್ಣು ಹತ್ತಿದರೆ ಸಾಕು, ಎರಡೆಲೆ ಬಿಟ್ಟ ಹತ್ತಿ ಸಸಿ ಸಾಲುಸಾಲೇ ಇರುವುದಿಲ್ಲ. ತಲೆ ಕಡಿದುಕೊಂಡ ಸಸಿ ಮತ್ತೆ ಚಿಗುರುವುದಿಲ್ಲ. ಬೀಜದ ರೊಕ್ಕ ಹೋಯಿತು, ಹದ ಹೋಯಿತು. ಎರಡನೇ ಸಲ ಬಿತ್ತಬೇಕೆಂದರೆ ನಾರಾಯಣಪೇಟೆಯ ಅಂಗಡಿಯಲ್ಲಿ ಉದ್ರಿ ಬರೆಸಬೇಕು.

ಇದನ್ನು ಮಾಡುವುದು ಚಿಗರಿ. ಪುಸ್ತಕದವರು ಕೃಷ್ಣಮೃಗ ಎನ್ನುತ್ತಾರೆ. ತೆಲುಗಿನಲ್ಲಿ ಕೃಷ್ಣ ಜಿಂಕ. ಹಳೆಗನ್ನಡದಲ್ಲಿ ಎರಳೆ, ಹಳೆಯ ತೆಲುಗಿನಲ್ಲಿ ಇರ್ರಿ. ಎರಡು ಭಾಷೆಯ ಕವಿಗಳೂ ಇದರ ಕಣ್ಣನ್ನು ಹೊಗಳಿ ದಣಿದಿದ್ದಾರೆ. ನಾನೂ ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವವನೇ. ಆದರೆ ಹೊಲಕ್ಕೆ ಹೋದಾಗ ಕವಿ ಮನೆಯಲ್ಲೇ ಉಳಿಯುತ್ತಾನೆ, ಒಕ್ಕಲಿಗ ಒಬ್ಬನೇ ಹೋಗುತ್ತಾನೆ.

ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳ ಎರೆಹೊಲಗಳಲ್ಲಿ ಚಿಗರಿ ಹಿಂಡುಹಿಂಡಾಗಿ ಅಡ್ಡಾಡುವುದು ಈ ಭಾಗದವರಿಗೆ ಹೊಸ ಸುದ್ದಿಯೇನಲ್ಲ. ಹೊಸ ಸುದ್ದಿ ಅನ್ನಿಸಿದ್ದು ಬೇರೆ. ಒಂದು ದಿನ ಚಹಾದ ಅಂಗಡಿಯಲ್ಲಿ ಪಕ್ಕದ ಹೊಲದ ಹುಡುಗ ಸಿಟ್ಟಿನಿಂದ ಕೇಳಿದ: “ಕಾಕಾ, ನಾವು ಇಲ್ಲಿ ಚಿಗರಿ ಹೊಡದೋಡಿಸಿ ಸಾಯ್ತೀವಿ. ಅಲ್ಲಿ ಹೈದರಾಬಾದದಾಗ ಸೈನ್ಸಿನವರು ಸೂಜಿ ಮಾಡಿ ಚಿಗರಿ ಹುಟ್ಟಸ್ತಾರಂತ. ಇದು ಯಾವ ನ್ಯಾಯ?”

ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ಸಂಗತಿಯೂ ಅದರಲ್ಲಿಲ್ಲ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವ. ಆದರೂ ಆ ಹುಡುಗನಿಗೆ ಉತ್ತರ ಕೊಡಬೇಕೆಂದು ಓದಿ, ಕೇಳಿ ತಿಳಿದುಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಅತ್ತಾಪುರದಲ್ಲಿ ನಡೆದದ್ದೇನು?

ಹೈದರಾಬಾದಿನಲ್ಲಿ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿ ಎಂಬ ದೊಡ್ಡ ಸಂಸ್ಥೆ ಇದೆ. ಅದರ ಕೈಕೆಳಗೆ ಅತ್ತಾಪುರದಲ್ಲಿ ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗೆಂದೇ ‘ಲಾಕೋನ್ಸ್’ ಎಂಬ ಪ್ರಯೋಗಶಾಲೆ ಕಟ್ಟಿದ್ದಾರೆ. ಡಿಎನ್‌ಎ ಬೆರಳಚ್ಚಿನಿಂದ ಹೆಸರಾದ ವಿಜ್ಞಾನಿ ಡಾ. ಲಾಲ್‌ಜಿ ಸಿಂಗ್ ಇದರ ಹಿಂದಿದ್ದ ಶಕ್ತಿ. 2007ರ ಫೆಬ್ರವರಿ 1ರಂದು ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಇದನ್ನು ದೇಶಕ್ಕೆ ಅರ್ಪಿಸಿದರು.

ಇಲ್ಲಿಯ ವಿಜ್ಞಾನಿಗಳು 2006ರಲ್ಲಿ ಕೃತಕ ಗರ್ಭಧಾರಣೆಯಿಂದ ಒಂದು ಚುಕ್ಕೆಜಿಂಕೆಯ ಮರಿ ಹುಟ್ಟಿಸಿದರು. ಅದಕ್ಕೆ ‘ಸ್ಪಾಟಿ’ ಎಂದು ಹೆಸರಿಟ್ಟರು. ಮರುವರ್ಷ 2007ರಲ್ಲಿ ಅದೇ ಬಗೆಯಿಂದ ಕೃಷ್ಣಮೃಗದ ಮರಿ ಹುಟ್ಟಿತು. ಅದು ‘ಬ್ಲ್ಯಾಕಿ’. ಗಂಡಿಗೆ ಮಂಪರು ಕೊಟ್ಟು ವೀರ್ಯ ತೆಗೆಯುವುದು, ಅದರಲ್ಲಿಯ ಜೀವಾಣು ಎಷ್ಟು, ಚುರುಕೆಷ್ಟು ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕೆಡದಂತೆ ಕಾಯ್ದಿಡುವುದು, ಹೆಣ್ಣಿಗೆ ಹಾರ್ಮೋನು ಕೊಟ್ಟು ಬೆದೆಯನ್ನು ಗೊತ್ತಾದ ವೇಳೆಗೆ ತರುವುದು, ಆಮೇಲೆ ವೀರ್ಯ ಸೇರಿಸುವುದು. ಕೆಲಸ ಇಷ್ಟೇ. ಆದರೆ ಕಾಡುಪ್ರಾಣಿಯ ಮಟ್ಟಿಗೆ ಪ್ರತಿ ಹೆಜ್ಜೆಯೂ ಹೊಸದು.

ಗದ್ವಾಲದ ರೈತನಿಗೆ ಇದು ಹೊಸದೇ?

ಗದ್ವಾಲ ಸೀಮೆಯಲ್ಲಿ ಸೀಡ್ ಪತ್ತಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿಯ ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ ಸಾಲಿಗೆ ಇಳಿದು, ನಾಳೆ ಅರಳುವ ಮೊಗ್ಗು ಯಾವುದೆಂದು ಕಣ್ಣಿನಲ್ಲೇ ಅಳೆದು, ಅದರ ಗಂಡುಭಾಗವನ್ನು ಉಗುರಿನಿಂದ ತೆಗೆದು ಗುರುತು ಇಡುತ್ತಾರೆ. ಮರುದಿನ ಮುಂಜಾನೆ ಬೇರೆ ತಳಿಯ ಗಂಡುಹೂವು ತಂದು ಸವರುತ್ತಾರೆ. ಒಂದು ತಾಸು ಹೆಚ್ಚುಕಮ್ಮಿಯಾದರೆ ಕಾಯಿ ಕಟ್ಟುವುದಿಲ್ಲ. ಕೂಲಿಯೂ ಹೋಯಿತು, ಬೀಜವೂ ಹೋಯಿತು.

ಆಕಳು, ಎಮ್ಮೆಯ ಲೆಕ್ಕವೂ ಇದೇ. ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ. ಕನ್ನಡದ ಬೆದೆ ತೆಲುಗಿನಲ್ಲಿ ಎದ. ಮುಂಜಾನೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಮುಂಜಾನೆಗೆ ಸೂಜಿ ಮಾಡಿಸಬೇಕೆಂದು ಪಶುವೈದ್ಯರು ಹೇಳುತ್ತಾರೆ. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಒದರುವುದಿಲ್ಲ, ಮೂಕಬೆದೆ. ಆ ಒಂದು ದಿನ ತಪ್ಪಿದರೆ ಮತ್ತೆ ಮೂರು ವಾರ ಹಾಲಿಲ್ಲದೆ ಮೇವು ಹಾಕಬೇಕು. ಸೂಜಿಗೆ ಬಳಸುವ ಕಡ್ಡಿ ಮೈನಸ್ 196 ಡಿಗ್ರಿ ದ್ರವ ಸಾರಜನಕದ ಕ್ಯಾನಿನಲ್ಲಿ ಇರುತ್ತದೆ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 1990ರಲ್ಲೇ ಪ್ರನಾಳದಲ್ಲಿ ಭ್ರೂಣ ಮಾಡಿ ಎಮ್ಮೆಕರು ಹುಟ್ಟಿಸಿದ್ದರು. 2009ರಲ್ಲಿ ತದ್ರೂಪಿ ಕರುವೂ ಹುಟ್ಟಿತು.

ಅತ್ತಾಪುರದವರು ಮಾಡಿದ್ದು, ನಮ್ಮ ಎಮ್ಮೆಯ ವಿದ್ಯೆಯನ್ನು ಕಾಡಿನ ಪ್ರಾಣಿಗೆ ಹೊಂದಿಸಿದ್ದು. ಎಮ್ಮೆಯ ಬೆದೆ ಮನೆಯವರಿಗೆ ತಿಳಿಯುತ್ತದೆ. ಚಿಗರಿಯ ಬೆದೆ ಯಾರಿಗೆ ತಿಳಿಯಬೇಕು? ಹಿಡಿದರೆ ಹೆದರಿಯೇ ಪ್ರಾಣ ಬಿಡುವ ಜೀವ ಅದು. ಅದಕ್ಕೆ ಅಲ್ಲಿಯವರು ಹಿಕ್ಕೆ ನೋಡುತ್ತಾರೆ. ಮೈಯೊಳಗಿನ ಹಾರ್ಮೋನು ಕರಗಿ ಹಿಕ್ಕೆಯಲ್ಲಿ ಹೊರಬರುತ್ತದೆ. ಅದನ್ನು ಅಳೆದರೆ ಪ್ರಾಣಿ ಬೆದೆಯಲ್ಲಿದೆಯೋ, ಗಬ್ಬವೋ, ಬಹಳ ಅಂಜಿಕೆಯಲ್ಲಿ ಬದುಕುತ್ತಿದೆಯೋ ಹೇಳಬಹುದು. ಡಾ. ಜಿ. ಉಮಾಪತಿ ಮತ್ತು ಅವರ ಸಂಗಡಿಗರು ಹಲವು ಕಾಡುಪ್ರಾಣಿಗಳ ಮೇಲೆ ಈ ಕೆಲಸ ಮಾಡಿದ್ದಾರೆ. ನಾವು ಕಾಲಲ್ಲಿ ಒದ್ದು ಹೋಗುವ ಹಿಕ್ಕೆ ಅವರಿಗೆ ಓದುವ ಕಾಗದ.

ಹಾಗಾದರೆ ಚಿಗರಿ ಏಕೆ?

ಹುಡುಗನ ಪ್ರಶ್ನೆ ಇನ್ನೂ ಉಳಿದಿದೆ. ಸಾಕುಬೇಕಾದಷ್ಟು ಇರುವ ಚಿಗರಿಯನ್ನೇ ಏಕೆ ಹುಟ್ಟಿಸಬೇಕಿತ್ತು?

ಉತ್ತರ ಹೀಗಿದೆ. ಹೊಸ ಗಾಡಿ ಕಲಿಯುವವನು ಹಳೆ ಎತ್ತು ಕಟ್ಟುತ್ತಾನೆ. ನಾಲ್ಕಾರೇ ಉಳಿದ ಪ್ರಾಣಿಯ ಮೇಲೆ ನೇರವಾಗಿ ಪ್ರಯೋಗ ಮಾಡಿ ಅದು ಸತ್ತರೆ ವಂಶವೇ ಹೋದಂತೆ. ಅದಕ್ಕೆ ಕೈಗೆ ಸಿಗುವ ಚಿಗರಿ, ಜಿಂಕೆಯ ಮೇಲೆ ವಿದ್ಯೆ ಪಳಗಿಸಿದರು. ಬ್ಲ್ಯಾಕಿಯನ್ನು ಹುಟ್ಟಿಸಿದ್ದು ನಮ್ಮ ಹೊಲಕ್ಕೆ ಬಿಡಲಿಕ್ಕಲ್ಲ. ಇದೇ ಪ್ರಯೋಗಶಾಲೆ ಮತ್ತು ಹೈದರಾಬಾದಿನ ನೆಹರು ಪ್ರಾಣಿಸಂಗ್ರಹಾಲಯ ಸೇರಿ ಮೊಲದಷ್ಟೇ ಇರುವ ಕೂರಂಬಂದಿಯನ್ನು ಬೆಳೆಸಿ, ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯದೇ ಆದ ಅಮ್ರಾಬಾದ್ ಕಾಡಿಗೆ ಬಿಟ್ಟಿವೆ.

ಇನ್ನೊಂದು ಮಾತು. ಇಂದು ಇರುವುದು ನಾಳೆಯೂ ಇರುತ್ತದೆಂದು ಹೇಳಲಾಗದು. ಪಾಕಿಸ್ತಾನದಲ್ಲಿ ಚಿಗರಿ ಒಂದೂ ಇಲ್ಲದಂತಾಗಿ, ಕೊನೆಗೆ ಅಮೆರಿಕದ ಟೆಕ್ಸಾಸಿನಿಂದ ತರಿಸಿಕೊಂಡರು. ನಮ್ಮ ಕರ್ನಾಟಕದಲ್ಲಿ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಮಾಡಿದ್ದೂ ಇದನ್ನು ಉಳಿಸಲಿಕ್ಕೇ.

ಹುಟ್ಟಿಸುವ ವಿದ್ಯೆ ತಡೆಯಲಾರದೇ?

ಬಿತ್ತುವ ವಿದ್ಯೆ ಬಲ್ಲವನಿಗೆ ಕಳೆ ಕೀಳುವ ವಿದ್ಯೆಯೂ ತಿಳಿದಿರಬೇಕಲ್ಲ? ವಿಜ್ಞಾನಿಗಳಿಗೆ ಅದೂ ತಿಳಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಎನ್. ಆರ್. ಮೌದ್ಗಲ್ ಅವರು ನಮ್ಮ ಊರಿನ ಕೋತಿಗಳ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿ, ಸಂತಾನದ ಹಾರ್ಮೋನನ್ನು ಲಸಿಕೆಯಿಂದ ತಡೆಯಬಹುದೇ ಎಂದು ಪರೀಕ್ಷಿಸಿದ್ದರು. ಅಮೆರಿಕದ ಅಸಟೀಗ್ ದ್ವೀಪದಲ್ಲಿ 1994ರಿಂದ ಕಾಡುಕುದುರೆಗಳಿಗೆ ದೂರದಿಂದ ಸೂಜಿಬಾಣ ಹೊಡೆದು ಗರ್ಭ ನಿಲ್ಲದ ಲಸಿಕೆ ಹಾಕುತ್ತಾ ಬಂದರು. ಹಂದಿಯ ಅಂಡಾಣುವಿನ ಹೊರಪದರದಿಂದ ಮಾಡಿದ ಲಸಿಕೆ ಅದು. ಕುದುರೆಯ ಮೈ ಆ ಪದರದ ವಿರುದ್ಧ ಕಾವಲು ಕಟ್ಟುತ್ತದೆ. ಆಗ ವೀರ್ಯಾಣು ಅಂಡಾಣುವಿಗೆ ಅಂಟುವುದಿಲ್ಲ.

ಕೇಳಲಿಕ್ಕೆ ಚೆಂದ. ಆದರೆ ರೈತನ ಲೆಕ್ಕ ಹಾಕಿ ನೋಡಿರಿ. ಒಂದೊಂದೇ ಹೆಣ್ಣನ್ನು ಗುರುತಿಸಿ ಹೊಡೆಯಬೇಕು, ಮತ್ತೆ ಮತ್ತೆ ಹೊಡೆಯಬೇಕು. ಅಸಟೀಗ್‌ನಲ್ಲಿ ಹಿಂಡು ಇಳಿಯಲು ವರ್ಷಗಳೇ ಹಿಡಿದವು. ಮರಿ ಹಾಕುವ ದಣಿವು ತಪ್ಪಿದ ಹೆಣ್ಣುಕುದುರೆಗಳು ಇನ್ನೂ ಹೆಚ್ಚು ಕಾಲ ಬದುಕಿದವು! ಹಿಮಾಚಲದಲ್ಲಿ ಲಕ್ಷಕ್ಕೂ ಮಿಕ್ಕಿ ಕೋತಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರೂ ಅಲ್ಲಿಯ ಸೇಬಿನ ತೋಟದವರ ಗೋಳು ಮುಗಿದಿಲ್ಲ. ಗರ್ಭ ತಡೆದರೆ ಮುಂದಿನ ಬಾಯಿ ತಪ್ಪೀತು. ಇಂದು ಮೇಯುವ ಬಾಯಿ ಮೇಯುತ್ತಲೇ ಇರುತ್ತದೆ.

ಚಿಗರಿಯ ಸಂತಾನದ ಲೆಕ್ಕವೂ ತಿಳಿದಿರಲಿ. ಗಬ್ಬ ಸುಮಾರು ಆರು ತಿಂಗಳು, ಒಂದು ಸೂಲಿಗೆ ಒಂದೇ ಮರಿ. ಕಪ್ಪು ಗಂಡು ತನ್ನ ಜಾಗದಲ್ಲಿ ಹಿಕ್ಕೆಯ ಗುಡ್ಡೆ ಹಾಕಿ ಬೇರೆ ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಅಂದಮೇಲೆ ನಾಲ್ಕು ಗಂಡು ಹಿಡಿದೊಯ್ದರೆ ಹಿಂಡು ಕಮ್ಮಿಯಾಗುವುದಿಲ್ಲ, ಉಳಿದ ಒಂದು ಗಂಡೇ ಸಾಕು. ಹಿಂಡನ್ನೇ ಹಿಡಿದು ಸಾಗಿಸಬೇಕು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆ ಹೆಲಿಕಾಪ್ಟರಿನಿಂದ ಮೆಲ್ಲಗೆ ಅಟ್ಟಿ, ಆಲಿಕೆಯಂತೆ ಕಟ್ಟಿದ ಪರದೆಯೊಳಗೆ ಹೊಗಿಸಿ, ನೂರಾರು ಚಿಗರಿ ಹಿಡಿದು ಕಾಡಿಗೆ ಬಿಟ್ಟರು. ಆಫ್ರಿಕದ ‘ಬೋಮಾ’ ಎಂಬ ಪದ್ಧತಿ ಅದು.

ತಂತಿ ಎಳೆಯದ ಕತೆ

ಈಗ ನನ್ನದೇ ಒಂದು ಮಾತು. ಒಂದು ವರ್ಷ ಎರಡು ಸಲ ಬಿತ್ತಿದ ಹತ್ತಿ ಎರಡೂ ಸಲ ಹೋಯಿತು. ಅದೇ ಹುಡುಗ ಬಂದು, “ಕಾಕಾ, ಒಂದ್ ತಂತಿ ಎಳದು ಕರೆಂಟ್ ಬಿಟ್ರ ಮುಗದೇ ಹೋತು” ಎಂದ. ಒಂದನೇ ಷೆಡ್ಯೂಲಿನ ಪ್ರಾಣಿ, 1972ರ ಕಾಯ್ದೆ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಎಂಬುದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿನ ಸಿಟ್ಟಿನಲ್ಲಿ ಇಲ್ಲ ಎನ್ನಲಿಲ್ಲ. ತಂತಿಯ ಸುರುಳಿ ಹೊತ್ತು ನಾನೇ ಹೊಲಕ್ಕೆ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಬದುವಿನ ಹುಲ್ಲಿನಲ್ಲಿ ಒಂದು ಮರಿ ಮಲಗಿತ್ತು. ಹುಟ್ಟಿ ನಾಲ್ಕು ದಿನ ಆಗಿದ್ದೀತು. ಓಡಲಿಲ್ಲ, ಕದಲಲಿಲ್ಲ, ಮಣ್ಣಿನ ಹೆಂಟೆಯಂತೆ ಬಿದ್ದುಕೊಂಡಿತ್ತು. ತಾಯಿ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಜೊತೆಗೆ ಬಂದಿದ್ದ ಆಳುಮಗಳು ತೆಲುಗಿನಲ್ಲಿ, “ಬಿಡ್ಡ ತಲ್ಲಿ ಅಯ್ಯಾ, ಪದಂಡಿ” ಎಂದಳು. ಕೂಸಿನ ತಾಯಿ ಅಪ್ಪಾ, ನಡೀರಿ ಎಂದು. ನಾವು ಹಿಂದಕ್ಕೆ ಸರಿದೆವು. ತಂತಿ ಮನೆಗೆ ಬಂತು. ಹುಡುಗನಿಗೆ ಹೇಳಿದೆ: “ತಮ್ಮಾ, ಕತ್ತಲದಾಗ ಬಂದವ್ರು ಚಿಗರಿಯೋ ನಿಮ್ಮಪ್ಪನೋ ಅಂತ ಆ ತಂತಿಗೆ ಗೊತ್ತಾಗೂದಿಲ್ಲ.” ಅವನು ಸುಮ್ಮನಾದ.

ಮರಿ ಉಳಿಯಿತು. ಹತ್ತಿ ಉಳಿಯಲಿಲ್ಲ. ಉದ್ರಿಯ ಲೆಕ್ಕ ತೀರಿಸಲು ಎರಡು ವರ್ಷ ಹಿಡಿಯಿತು. ದಯೆಯ ಬಿಲ್ಲನ್ನು ಒಬ್ಬ ಒಕ್ಕಲಿಗನೇ ಕಟ್ಟಬೇಕೇ ಎಂಬುದು ನನ್ನ ಪ್ರಶ್ನೆ.

ಗಡಿಯ ಬೇಡಿಕೆ

1956ರಲ್ಲಿ ರಾಜ್ಯ ಹಂಚಿದಾಗ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಗಡಿಯ ಕಲ್ಲು ನೆಟ್ಟವರು ನಾವು. ಚಿಗರಿಗೆ ಅದು ಮೈ ತುರಿಸಿಕೊಳ್ಳುವ ಕಲ್ಲು. ಗಡಿಯ ಈಚೆಯವರು ಅಟ್ಟಿದ್ದು ಆಚೆಯವರ ತೊಗರಿಗೆ, ಆಚೆಯವರು ಅಟ್ಟಿದ್ದು ಈಚೆಯವರ ಹತ್ತಿಗೆ. ಎರಡು ರಾಜ್ಯದ ಅರಣ್ಯ ಇಲಾಖೆಯವರು ಒಂದೇ ದಿನ ಕೂಡಿ ಎಣಿಸದ ಹೊರತು ಹಿಂಡಿನ ನಿಜವಾದ ಲೆಕ್ಕ ಸಿಗುವುದಿಲ್ಲ.

ಇಲ್ಲಿ ಪ್ರಯೋಗಶಾಲೆ ನಮಗೆ ಬೇಕು. ಹಿಕ್ಕೆ ನೋಡಿ ಗಬ್ಬ ಹೇಳಬಲ್ಲವರು ನಮ್ಮ ಹೊಲಕ್ಕೆ ಬರಲಿ. ಹಿಕ್ಕೆ ಆರಿಸಿ ಚೀಲ ತುಂಬಿಕೊಡಲು ನಮ್ಮ ಕುರಿಗಾಹಿಗಳೇ ಸಾಕು. ಯಾವ ತಿಂಗಳಲ್ಲಿ ಹೆಚ್ಚು ಹೆಣ್ಣು ಗಬ್ಬ, ಯಾವಾಗ ಮರಿ ಹಾಕುತ್ತವೆ ಎಂದು ತಿಳಿದರೆ, ಗಬ್ಬದ ಹೆಣ್ಣು ಸಾಯದ ಕಾಲ ನೋಡಿ ಹಿಂಡು ಹಿಡಿದು ಸಾಗಿಸಬಹುದು. ಅಲ್ಲಿಯತನಕ ಬಿತ್ತಿಗೆಯ ಮೊದಲ ತಿಂಗಳ ನಷ್ಟಕ್ಕೆ ಪರಿಹಾರ ಅದೇ ಹಂಗಾಮಿನಲ್ಲಿ ಕೈಗೆ ಬರಬೇಕು. ಬೆಳೆ ಹೋಗಿ ವರ್ಷದ ಮೇಲೆ ಬರುವ ರೊಕ್ಕ ಬಡ್ಡಿಗೇ ಸರಿಹೋಗುತ್ತದೆ.

ಒಂದು ಬ್ಲ್ಯಾಕಿಯನ್ನು ಹುಟ್ಟಿಸಲು ದೇಶ ಅಷ್ಟು ಬುದ್ಧಿ ಖರ್ಚು ಮಾಡಿದೆ. ಒಳ್ಳೆಯದೇ. ಅದರ ಬಳಗ ಮೇಯುವ ಹೊಲದವನಿಗೂ ಅದರಲ್ಲಿ ಒಂದು ಪಾಲು ಬುದ್ಧಿ ಖರ್ಚಾಗಲಿ. ಈ ಸಲ ಮುಂಗಾರಿಗೆ ಮುಂಚೆ ಆ ಹುಡುಗ ಮತ್ತೆ ಕೇಳುತ್ತಾನೆ, “ಏನ್ ಮಾಡೂನು ಕಾಕಾ?” ಎಂದು. ಅವನಿಗೆ ಹೇಳಲು ನನ್ನ ಹತ್ತಿರ ಒಂದು ಉತ್ತರ ಬೇಕು. ತಂತಿಯ ಸುರುಳಿ ಇನ್ನೂ ಅಟ್ಟದ ಮೇಲೆ ಇದೆ.