ಕಂಬಿಗೆ ಜೋತುಬಿದ್ದ ನಲವತ್ತು ಅಂಕಗಳು

ಗದ್ದ ಕಂಬಿಯ ಮೇಲಕ್ಕೆ ಬರಬೇಕು. ಕಾಲು ಒದೆಯುವಂತಿಲ್ಲ, ಮೈ ತೂಗಾಡುವಂತಿಲ್ಲ. ಕೆಳಗಿಳಿದಾಗ ತೋಳು ಪೂರ್ತಿ ನೀಳವಾಗಬೇಕು. ಹೀಗೆ ಹತ್ತು ಸಲ. ನೋಡುವವರಿಗೆ ಇದು ಅರ್ಧ ನಿಮಿಷದ ಆಟ. ಆದರೆ ಸೈನ್ಯ ಸೇರುವ ಆಸೆ ಹೊತ್ತು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಭರ್ತಿ ಮೈದಾನಕ್ಕೆ ಹೋಗುವ ಹುಡುಗನಿಗೆ ಆ ಅರ್ಧ ನಿಮಿಷದಲ್ಲಿ ವರ್ಷಗಳ ಕನಸೇ ಅಡಗಿರುತ್ತದೆ.

ಹುಡುಗರ ಬಾಯಲ್ಲಿ ಇದರ ಹೆಸರು ‘ಬೀಮ್’. ಪುಲ್‌ಅಪ್ ಎಂದರೂ ಅದೇ. ಓಟಕ್ಕೆ ಎಲ್ಲರೂ ಸಿದ್ಧರಾಗುತ್ತಾರೆ. ರಸ್ತೆ ಇದೆ, ಕೆರೆ ಏರಿ ಇದೆ, ಬೆಳಗಿನ ಜಾವ ಎದ್ದರೆ ಸಾಕು. ಬೀಮ್ ಮಾತ್ರ ‘ಆಮೇಲೆ ನೋಡಿಕೊಳ್ಳೋಣ’ ಎಂಬ ಪಟ್ಟಿಗೆ ಸೇರುತ್ತದೆ. ಕರೆಪತ್ರ ಬಂದ ಮೇಲೆ ಉಳಿಯುವುದು ಕೆಲವೇ ವಾರ. ಅಷ್ಟರಲ್ಲಿ ಮೂರನ್ನು ಹತ್ತು ಮಾಡುವುದು ಯಾರಿಗೂ ಸುಲಭವಲ್ಲ.

ಅಂಕದ ಲೆಕ್ಕ

ಸೈನ್ಯದ ಜನರಲ್ ಡ್ಯೂಟಿ ಭರ್ತಿಯಲ್ಲಿ ದೈಹಿಕ ಪರೀಕ್ಷೆಗೆ 100 ಅಂಕ. 1.6 ಕಿಲೋಮೀಟರ್ ಓಟಕ್ಕೆ 60, ಬೀಮ್‌ಗೆ 40. ಒಂಬತ್ತು ಅಡಿ ಹಳ್ಳ ಹಾರುವುದು, ಅಂಕುಡೊಂಕು ದಿಮ್ಮಿಯ ಮೇಲೆ ಸಮತೋಲನದಿಂದ ನಡೆಯುವುದು, ಇವೆರಡಕ್ಕೆ ಅಂಕವಿಲ್ಲ, ಉತ್ತೀರ್ಣರಾದರೆ ಸಾಕು. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ 60 ಅಂಕ. 5 ನಿಮಿಷ 45 ಸೆಕೆಂಡಿನೊಳಗೆ ಮುಗಿಸಿದವರಿಗೆ 48. ಬೀಮ್‌ನಲ್ಲಿ ಹತ್ತಕ್ಕೆ 40, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಆರಕ್ಕಿಂತ ಕಡಿಮೆಯಾದರೆ ಮನೆಗೆ ದಾರಿ.

ಈ ಅಂಕಿಗಳನ್ನು ಒಮ್ಮೆ ಎದುರುಬದುರು ಇಟ್ಟು ನೋಡಿ. ಓಟದಲ್ಲಿ 15 ಸೆಕೆಂಡ್ ತಡವಾದರೆ ಹೋಗುವುದು 12 ಅಂಕ. ಬೀಮ್‌ನಲ್ಲಿ ಹತ್ತರ ಬದಲು ಆರಕ್ಕೆ ಕೈಬಿಟ್ಟರೆ ಹೋಗುವುದು 24. ಒಂಬತ್ತರಿಂದ ಹತ್ತಕ್ಕೆ ಏರುವ ಆ ಕೊನೆಯ ಒಂದು ಎಳೆತಕ್ಕೇ 7 ಅಂಕ. ತಿಂಗಳುಗಟ್ಟಲೆ ಓಡಿ ಉಳಿಸಿದ ಸೆಕೆಂಡುಗಳನ್ನು ಕಂಬಿಯ ಕೆಳಗೆ ಕಳೆದುಕೊಳ್ಳುವುದು ಹೀಗೆ. 2023ರಿಂದ ಮೊದಲು ಕಂಪ್ಯೂಟರ್‌ನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ದೈಹಿಕ ಪರೀಕ್ಷೆ ಎಂಬ ಕ್ರಮ ಬಂದಿದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಕೊಳ್ಳುವುದು ಕ್ಷೇಮ.

ಪಿಯುಸಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಪ್ರಯತ್ನಿಸುವವರಿಗೂ ಕಂಬಿ ತಪ್ಪಿದ್ದಲ್ಲ. ಅಕಾಡೆಮಿಗೆ ಬರುವ ಮುನ್ನ 2.4 ಕಿಲೋಮೀಟರನ್ನು 15 ನಿಮಿಷದಲ್ಲಿ ಓಡುವ, ಕನಿಷ್ಠ 8 ಚಿನ್‌ಅಪ್ ಎಳೆಯುವ, 3ರಿಂದ 4 ಮೀಟರ್ ಹಗ್ಗ ಹತ್ತುವ ತಯಾರಿ ಇರಲಿ ಎಂಬುದು ಅಧಿಸೂಚನೆಗಳಲ್ಲಿ ಕಂಡುಬರುವ ಸಲಹೆ. ಅಂಗೈ ಮುಂದಕ್ಕೆ ತಿರುಗಿಸಿ ಹಿಡಿದರೆ ಪುಲ್‌ಅಪ್, ತನ್ನ ಕಡೆಗೆ ತಿರುಗಿಸಿಕೊಂಡರೆ ಚಿನ್‌ಅಪ್. ಎರಡನೆಯದು ಸ್ವಲ್ಪ ಸುಲಭ; ತೋಳಿನ ಮುಂಭಾಗದ ಸ್ನಾಯು ಅದರಲ್ಲಿ ಹೆಚ್ಚು ನೆರವಾಗುತ್ತದೆ.

ಮರೆತುಹೋದ ಮರಕೋತಿ

ಒಂದು ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರಕೋತಿ ಆಟ ಆಡುತ್ತ ಕೊಂಬೆಯಿಂದ ಕೊಂಬೆಗೆ ಜೋತುಬಿದ್ದು ಬೆಳೆದ ಕೈಗಳವು. ಬಾವಿಯಿಂದ ರಾಟೆಯಲ್ಲಿ ನೀರು ಸೇದುವುದು, ಬಣವೆಗೆ ಹುಲ್ಲು ಎಸೆಯುವುದು, ಎಲ್ಲವೂ ಎಳೆತದ, ಹಿಡಿತದ ಕೆಲಸಗಳೇ. ಗುಬ್ಬಿ ಸೀಮೆಯ ತೆಂಗು, ಅಡಿಕೆ ತೋಟಗಳಲ್ಲಿ ಮರ ಹತ್ತಿ ಕಾಯಿ ಕೀಳುವವರ ಮುಂದೋಳನ್ನು ಗಮನಿಸಿದವರಿಗೆ ಹಿಡಿತ ಎಂದರೇನು ಎಂದು ಬೇರೆ ಹೇಳಬೇಕಿಲ್ಲ.

ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಶಾಲೆಗೆ ಬಸ್ಸು ಬರುತ್ತದೆ, ಸಂಜೆ ಟ್ಯೂಷನ್ ಕಾದಿರುತ್ತದೆ. ಅನುಕೂಲ ಬಂದದ್ದಕ್ಕೆ ಕೊರಗಬೇಕಿಲ್ಲ. ಆದರೆ ದುಡಿಮೆ, ಆಟಗಳು ಪುಕ್ಕಟೆಯಾಗಿ ಕೊಡುತ್ತಿದ್ದ ಬಲವನ್ನು ಈಗ ಬೇಕೆಂದೇ ಸಂಪಾದಿಸಬೇಕಾಗಿದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆಗಳನ್ನು ಗಟ್ಟಿ ಮಾಡುವ ಕಸರತ್ತು ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿರುವುದು ಇದನ್ನೇ.

ವ್ಯಾಯಾಮಕ್ಕೂ ಓದಿಗೂ ಹೊಂದುವುದಿಲ್ಲ ಎಂಬ ಮಾತು ನಮ್ಮಲ್ಲಿ ಹಳೆಯದು. ಅದಕ್ಕೆ ಕನ್ನಡನಾಡಿನಲ್ಲೇ ಉತ್ತರವಿದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದ ಕೆ. ವಿ. ಅಯ್ಯರ್ ಅಂಗಸಾಧನೆಗೆ ದೇಶದಾಚೆಗೂ ಹೆಸರಾದವರು. ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ.

ಏಕೆ ಇಷ್ಟು ಕಷ್ಟ?

ಪುಲ್‌ಅಪ್‌ನಲ್ಲಿ ಎತ್ತುವ ಭಾರ ನಮ್ಮದೇ ಮೈ. 60 ಕಿಲೋ ತೂಗುವ ಹುಡುಗ ಹತ್ತು ಸಲ ಎತ್ತುವುದು ಹೆಚ್ಚುಕಡಿಮೆ 60 ಕಿಲೋವನ್ನೇ. ಭಾರದ ಬಹುಪಾಲನ್ನು ಬೆನ್ನಿನ ಎರಡೂ ಬದಿಯಲ್ಲಿ ಕಂಕುಳಿನಿಂದ ಸೊಂಟದವರೆಗೆ ಹಬ್ಬಿರುವ ಅಗಲವಾದ ಸ್ನಾಯುಗಳು ಹೊರಬೇಕು. ಆಮೇಲಿನ ಸರದಿ ತೋಳಿನದು, ಮುಂದೋಳಿನದು, ಹೆಗಲ ಹಲಗೆಯನ್ನು ಹಿಡಿದಿಡುವ ಸ್ನಾಯುಗಳದು. ಹೊಸಬರು ಬರೀ ತೋಳಿನಿಂದ ಎಳೆಯಲು ಹೋಗಿ ಮೂರಕ್ಕೇ ಸೋಲುತ್ತಾರೆ. ಮೊಣಕೈಯನ್ನು ಪಕ್ಕೆಯ ಕಡೆಗೆ ಇಳಿಸುತ್ತಿದ್ದೇನೆ ಎಂದು ಭಾವಿಸಿಕೊಂಡು ಎಳೆದರೆ ಬೆನ್ನು ಕೆಲಸಕ್ಕೆ ಬರುತ್ತದೆ.

ದೇಹ ದೊಡ್ಡದಾದಂತೆ ತೂಕ ಬೇಗ ಏರುತ್ತದೆ, ಸ್ನಾಯುವಿನ ಬಲ ಅಷ್ಟೇ ವೇಗದಲ್ಲಿ ಏರುವುದಿಲ್ಲ. ಆದ್ದರಿಂದಲೇ ತೆಳ್ಳಗಿನ ಹುಡುಗ ಸಲೀಸಾಗಿ ಎಳೆಯುವುದು, ದಷ್ಟಪುಷ್ಟನಾದವನು ಒದ್ದಾಡುವುದು. ಹಾಗೆಂದು ಊಟ ಬಿಟ್ಟು ತೂಕ ಇಳಿಸುವುದು ಬುದ್ಧಿವಂತಿಕೆಯಲ್ಲ. ಬಲವೂ ಜೊತೆಗೇ ಇಳಿಯುತ್ತದೆ.

ಹುಡುಗಿಯರಿಗೆ ಮೈಯ ಮೇಲ್ಭಾಗದ ಸ್ನಾಯು ಹುಡುಗರಿಗಿಂತ ಸಹಜವಾಗಿಯೇ ಕಡಿಮೆ. ಮೊದಲ ಪುಲ್‌ಅಪ್‌ಗೆ ಅವರಿಗೆ ಹೆಚ್ಚು ಕಾಲ ಬೇಕಾಗಬಹುದು. ಆದರೆ ದಾರಿ ಬೇರೆಯಲ್ಲ. ಸೈನ್ಯದ ಮಿಲಿಟರಿ ಪೊಲೀಸ್ ದಳಕ್ಕೆ ಸೇರಿದ ಮಹಿಳಾ ಯೋಧರ ಮೊದಲ ತಂಡ ಬೆಂಗಳೂರಿನಲ್ಲೇ ತರಬೇತಿ ಪಡೆದು 2021ರ ಮೇ ತಿಂಗಳಲ್ಲಿ ಹೊರಬಂತು. ರಕ್ಷಣಾ ಅಕಾಡೆಮಿಗೂ 2022ರಿಂದ ಹೆಣ್ಣುಮಕ್ಕಳು ಸೇರುತ್ತಿದ್ದಾರೆ.

ಸೊನ್ನೆಯಿಂದ ಒಂದಕ್ಕೆ

ಒಂದೂ ಎಳೆಯಲಾಗದವನು ಕಂಬಿಯ ಕೆಳಗೆ ದಿನವೂ ಒದ್ದಾಡಿದರೆ ಪ್ರಯೋಜನವಿಲ್ಲ. ಅವನಿಗೆ ಬೇರೆ ಮೆಟ್ಟಿಲುಗಳಿವೆ.

ಮೊದಲನೆಯದು ಬರೀ ಜೋತುಬೀಳುವುದು. ಹತ್ತು ಸೆಕೆಂಡಿನಿಂದ ಶುರುಮಾಡಿ 30-40 ಸೆಕೆಂಡಿಗೆ ಬರಬೇಕು. ಹಿಡಿತ ಬಲಿಯುತ್ತದೆ, ಅಂಗೈ ಚರ್ಮ ಒಗ್ಗಿಕೊಳ್ಳುತ್ತದೆ.

ಎರಡನೆಯದು, ಜೋತುಬಿದ್ದಂತೆಯೇ ಮೊಣಕೈ ಮಡಿಸದೆ ಹೆಗಲನ್ನು ಕಿವಿಯಿಂದ ಕೆಳಕ್ಕೆ ಎಳೆದುಕೊಳ್ಳುವುದು. ಚಲನೆ ಎರಡು ಮೂರು ಅಂಗುಲವಷ್ಟೆ. ಪುಲ್‌ಅಪ್ ಆರಂಭವಾಗುವುದೇ ಇಲ್ಲಿಂದ.

ಮೂರನೆಯದು ಅಡ್ಡ ಎಳೆತ. ಸೊಂಟದೆತ್ತರದ ಕಂಬಿಯ ಕೆಳಗೆ ಹಿಮ್ಮಡಿ ನೆಲಕ್ಕೂರಿ, ಮೈಯನ್ನು ಹಲಗೆಯಂತೆ ನೇರವಾಗಿಸಿ, ಎದೆಯನ್ನು ಕಂಬಿಗೆ ತಾಗಿಸುವುದು. ಹತ್ತರ ಮೂರು ಸುತ್ತು ಸಲೀಸಾದರೆ ಬುನಾದಿ ಬಿತ್ತೆಂದೇ ಲೆಕ್ಕ.

ನಾಲ್ಕನೆಯದೇ ಮುಖ್ಯ. ಏರಲಾಗದವನೂ ಇಳಿಯಬಲ್ಲ. ಸ್ನಾಯು ಭಾರವನ್ನು ಎತ್ತುವಾಗ ತಾಳುವುದಕ್ಕಿಂತ ಇಳಿಸುವಾಗ ಹೆಚ್ಚು ಭಾರ ತಾಳುತ್ತದೆ. ಸ್ಟೂಲ್ ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟುಕೊಂಡು, ಕಾಲು ಮಡಿಸಿ, ನಿಧಾನವಾಗಿ ಐದು ಸೆಕೆಂಡ್ ಎಣಿಸುತ್ತ ಇಳಿಯಬೇಕು. ಮೂರರಿಂದ ಐದು ಸಲ, ಎರಡು ಮೂರು ಸುತ್ತು, ವಾರದಲ್ಲಿ ಮೂರು ದಿನ. ಇಳಿಯುವ ಕಸರತ್ತು ಮೈಕೈ ನೋವು ತರುವುದು ಹೆಚ್ಚು. ಆದ್ದರಿಂದ ಮೊದಲ ವಾರ ಕಡಿಮೆಯೇ ಇರಲಿ.

ಮೂರರಿಂದ ಹತ್ತಕ್ಕೆ

ಮೂರು ಬರುವವನು ಪ್ರತಿ ಸುತ್ತಿನಲ್ಲೂ ಮೂರಕ್ಕೇ ಕೈ ಹಾಕಿದರೆ ಎರಡನೇ ಸುತ್ತಿಗೆ ಸುಸ್ತಾಗುತ್ತಾನೆ. ಅದರ ಬದಲು ಎರಡರಂತೆ ಆರು ಸುತ್ತು ಎಳೆದರೆ ಹನ್ನೆರಡಾಯಿತು. ಪ್ರತಿಯೊಂದೂ ಚೊಕ್ಕವಾಗಿಯೂ ಬಂತು. ತನ್ನ ಗರಿಷ್ಠದ ಅರ್ಧದಷ್ಟು ಅಥವಾ ತುಸು ಹೆಚ್ಚು, ಹಲವು ಸುತ್ತು, ನಡುನಡುವೆ ಎರಡು ಮೂರು ನಿಮಿಷ ಬಿಡುವು: ಇದೇ ಗುಟ್ಟು. ಐದಕ್ಕೆ ಬಂದ ಮೇಲೆ ಏಣಿಯ ಕ್ರಮ ಹಿಡಿಯಬಹುದು. ಒಂದು ಎಳೆದು ಬಿಡುವು, ಎರಡು ಎಳೆದು ಬಿಡುವು, ಮೂರು ಎಳೆದು ಬಿಡುವು, ಮತ್ತೆ ಒಂದರಿಂದ. ಗರಿಷ್ಠ ಎಷ್ಟೆಂಬ ಪರೀಕ್ಷೆ ಎರಡು ವಾರಕ್ಕೊಮ್ಮೆ ಸಾಕು. ದಿನಾಂಕ, ಸುತ್ತು, ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವವನಿಗೆ ತನ್ನ ಪ್ರಗತಿ ಕಣ್ಣಿಗೆ ಕಾಣುತ್ತದೆ.

ಮೊದಲ ಕೆಲವು ವಾರಗಳಲ್ಲಿ ಸಂಖ್ಯೆ ಬೇಗ ಏರುತ್ತದೆ. ಆಗ ಬೆಳೆಯುವುದು ಸ್ನಾಯುವಿಗಿಂತ ಹೆಚ್ಚಾಗಿ ಮಿದುಳು, ನರಗಳು ಅದನ್ನು ದುಡಿಸಿಕೊಳ್ಳುವ ಜಾಣ್ಮೆ. ಆಮೇಲೆ ಎಲ್ಲರೂ ಒಂದು ಕಡೆ ನಿಲ್ಲುತ್ತಾರೆ. ಆರು ಎಂದರೆ ಆರೇ, ಎರಡು ವಾರ ಕಳೆದರೂ ಏಳಾಗದು. ಬಹಳ ಮಂದಿ ಕೈಬಿಡುವುದು ಇಲ್ಲೇ. ಒಂದು ವಾರ ಅಭ್ಯಾಸವನ್ನು ಅರ್ಧಕ್ಕಿಳಿಸಿ ಮತ್ತೆ ಹಿಡಿದರೆ ಸಾಮಾನ್ಯವಾಗಿ ಗಾಡಿ ಮುಂದೆ ಹೋಗುತ್ತದೆ. ಸೊನ್ನೆಯಿಂದ ಹತ್ತಕ್ಕೆ ಕೆಲವರಿಗೆ ಮೂರು ನಾಲ್ಕು ತಿಂಗಳು, ಕೆಲವರಿಗೆ ಆರೆಂಟು. ಹತ್ತನೇ ತರಗತಿ ಮುಗಿದ ರಜೆಯಲ್ಲಿ ಶುರುಮಾಡಿದವನಿಗೆ ಅವಸರವೇ ಇರುವುದಿಲ್ಲ.

ಭರ್ತಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಅಲ್ಲಿ ಬೀಮ್ ಬರುವುದು ಓಟದ ನಂತರ, ಎದೆ ಇನ್ನೂ ಏದುಸಿರು ಬಿಡುತ್ತಿರುವಾಗ. ಮನೆಯಲ್ಲಿ ತಣ್ಣಗಿದ್ದಾಗ ಎಳೆದ ಹತ್ತು ಅಲ್ಲಿ ಎಂಟಾಗಬಹುದು. ಆದ್ದರಿಂದ ಕೊನೆಯ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಓಡಿ ಬಂದು ಕಂಬಿ ಹಿಡಿಯಬೇಕು. ಹನ್ನೆರಡು ಬರುವವನಿಗೆ ಹತ್ತು ಖಾತರಿ. ಪರೀಕ್ಷೆಗೆ ನಾಲ್ಕೈದು ದಿನ ಮುಂಚೆ ಮಾತ್ರ ಕಠಿಣ ಅಭ್ಯಾಸ ನಿಲ್ಲಿಸಿ ಮೈಗೆ ವಿಶ್ರಾಂತಿ ಕೊಡುವುದು ಒಳ್ಳೆಯದು.

ಕಂಬಿ ಎಲ್ಲಿ?

ನಗರದವರಿಗೆ ಕ್ರೀಡಾಂಗಣವಿದೆ, ವ್ಯಾಯಾಮಶಾಲೆಗಳಿವೆ. ಹಳ್ಳಿಯಲ್ಲಿ ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಎರಡು ಕಲ್ಲುಕಂಬ ಅಥವಾ ಕಬ್ಬಿಣದ ಕಂಬ, ನಡುವೆ ಮುಷ್ಟಿಗೆ ಸರಿಯಾಗಿ ಹಿಡಿಸುವ ದಪ್ಪದ ಪೈಪು. ಕಂಬ ಅಲುಗದಂತೆ ಬುಡಕ್ಕೆ ಕಾಂಕ್ರೀಟ್ ಹಾಕಬೇಕು, ಪೈಪು ತಿರುಗದಂತೆ ಬೆಸುಗೆ ಹಾಕಿಸಬೇಕು. ಜೋತುಬಿದ್ದಾಗ ಕಾಲು ನೆಲಕ್ಕೆ ತಾಗದಷ್ಟು ಎತ್ತರ, ಕೆಳಗೆ ಒಂದಿಷ್ಟು ಮರಳು. ಮರದ ಕೊಂಬೆಯಾದರೆ ಹುಣಸೆಯಂಥ ಗಟ್ಟಿ ಮರವೇ ಆಗಬೇಕು. ನುಗ್ಗೆ ಮರವನ್ನು ನಂಬಿದವರು ನೆಲ ಕಂಡಾರು. ಬಾಗಿಲ ಚೌಕಟ್ಟು, ಮನೆಯ ಸಜ್ಜೆಗಳ ಸಹವಾಸ ಬೇಡ.

ತಂದೆತಾಯಿಯರಿಗೆ ಎರಡು ಮಾತು

‘ಈ ವಯಸ್ಸಿಗೆ ಕಸರತ್ತು ಮಾಡಿದರೆ ಮಕ್ಕಳು ಕುಳ್ಳಗಾಗುತ್ತಾರೆ’ ಎಂಬ ಭಯ ಅನೇಕ ಮನೆಗಳಲ್ಲಿದೆ. ಸರಿಯಾದ ಕ್ರಮದಲ್ಲಿ, ಬಲ್ಲವರ ಕಣ್ಣಳತೆಯಲ್ಲಿ ಮಾಡುವ ಬಲವರ್ಧನೆಯ ವ್ಯಾಯಾಮ ಬೆಳವಣಿಗೆಯನ್ನು ಕುಂಠಿತಗೊಳಿಸುವುದಿಲ್ಲ ಎಂಬುದು ಮಕ್ಕಳ ವೈದ್ಯರ ನಿಲುವು. ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ಕಂಬಿಗೆ ನೇತಾಡಿದರೆ ಎತ್ತರ ಬೆಳೆಯುತ್ತಾರೆ ಎಂಬುದು. ಅದೂ ನಿಜವಲ್ಲ. ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ವಂಶ, ಪೋಷಣೆ, ಆರೋಗ್ಯ. ನೇತಾಡುವುದರಿಂದ ಬೆನ್ನು ತುಸು ಸಡಿಲವಾಗಿ ಹಾಯೆನಿಸಬಹುದು, ಅಷ್ಟೆ.

ಕುಣಿಗಲ್ ಕುದುರೆ ಫಾರಂಗೆ ಹೆಸರಾದ ಊರು. ಜಾತಿ ಕುದುರೆಯ ಮರಿಯನ್ನು ಯಾರೂ ಹುಟ್ಟಿದ ವರ್ಷವೇ ಪಂದ್ಯಕ್ಕಿಳಿಸುವುದಿಲ್ಲ. ಹಂತ ಹಂತವಾಗಿ ಪಳಗಿಸುತ್ತಾರೆ. ಮಕ್ಕಳಿಗೂ ಅದೇ ನ್ಯಾಯ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳು ನಿಧಾನ. ಮೊಣಕೈ ಒಳಬದಿಯಲ್ಲಿ, ಹೆಗಲಿನ ಮುಂಭಾಗದಲ್ಲಿ ಚುಚ್ಚುವ ನೋವು ಬಂದು ನಾಲ್ಕೈದು ದಿನವಾದರೂ ಹೋಗದಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಊಟಕ್ಕೆ ಡಬ್ಬಿಯ ಪುಡಿಗಳನ್ನು ಹುಡುಕಬೇಕಿಲ್ಲ. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಮುದ್ದೆ, ಹುರುಳಿಕಾಳಿನ ಸಾರು, ಒಂದು ಲೋಟ ಮಜ್ಜಿಗೆ: ಜಿಲ್ಲೆಯ ಅಡುಗೆಮನೆಯಲ್ಲೇ ಎಲ್ಲ ಇದೆ. ‘ಹದಿನೈದು ದಿನದಲ್ಲಿ ಮೈ ಬರಿಸುತ್ತೇನೆ’ ಎಂದು ಮಾತ್ರೆ, ಚುಚ್ಚುಮದ್ದು ಕೊಡುವವರನ್ನು ಮಾತ್ರ ಮನೆಯ ಹತ್ತಿರವೂ ಸೇರಿಸಬಾರದು. ಹದಿಹರೆಯದವರಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಬಲ ಕೂಡುವುದು ಆ ಹೊತ್ತಿನಲ್ಲೇ. ರಾತ್ರಿ ಹನ್ನೆರಡರವರೆಗೆ ಮೊಬೈಲು, ನಾಲ್ಕಕ್ಕೆ ಓಟ ಎಂದರೆ ಎರಡೂ ಕೆಡುತ್ತವೆ.

ಎಲ್ಲಕ್ಕಿಂತ ದೊಡ್ಡ ಔಷಧ ನಿಯಮ. ಅದನ್ನು ತುಮಕೂರಿನವರಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. 111 ವರ್ಷ ಬದುಕಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಮಿತಾಹಾರ, ತಪ್ಪದ ದಿನಚರಿಗಳನ್ನು ಕಂಡ ಜಿಲ್ಲೆಯಿದು.

ಹತ್ತು ಎಳೆದವರೆಲ್ಲರೂ ಆಯ್ಕೆಯಾಗುವುದಿಲ್ಲ ಎಂಬ ಸತ್ಯವನ್ನೂ ಮಕ್ಕಳಿಗೆ ಹೇಳಬೇಕು. ಲಿಖಿತ ಪರೀಕ್ಷೆ ಇದೆ, ವೈದ್ಯಕೀಯ ತಪಾಸಣೆ ಇದೆ, ಸ್ಪರ್ಧೆ ಇದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಆಯ್ಕೆಯಾದವರಿಗೂ ಸೇವೆ ನಾಲ್ಕು ವರ್ಷ. ಅದರ ನಂತರ ಶೇ. 25ರವರೆಗೆ ಮಾತ್ರ ಕಾಯಂ ಎಂಬುದು ಯೋಜನೆಯ ನಿಯಮ. ಆದ್ದರಿಂದ ಓದನ್ನು ಪಕ್ಕಕ್ಕಿಟ್ಟು ಕಂಬಿಯೊಂದನ್ನೇ ನಂಬುವುದು ತರವಲ್ಲ. ಆದರೆ ಆಯ್ಕೆ ಪಟ್ಟಿಯಲ್ಲಿ ಹೆಸರು ಬರಲಿ, ಬಿಡಲಿ, ಆರು ತಿಂಗಳು ಶ್ರಮಪಟ್ಟು ಸೊನ್ನೆಯನ್ನು ಹತ್ತು ಮಾಡಿದ ಹುಡುಗನಿಗೂ ಹುಡುಗಿಗೂ ಒಂದು ಪಾಠ ದಕ್ಕಿರುತ್ತದೆ: ಇವತ್ತು ಆಗದ್ದು ಕ್ರಮವಾಗಿ ದುಡಿದರೆ ಮುಂದೊಂದು ದಿನ ಆಗುತ್ತದೆ. ಗಣಿತದ ಪುಸ್ತಕ ತೆರೆದಾಗಲೂ ಅದೇ ಪಾಠ ಉಪಯೋಗಕ್ಕೆ ಬರುತ್ತದೆ.