ಡಬ್ಬಿಯಲ್ಲಿ ತಿರುಗಿ ಬರುವ ಅನ್ನ: ವರ್ಷಕ್ಕೆ 5 ಕೆಜಿ ಅಕ್ಕಿ

ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ ಗೊತ್ತುಮಾಡಿದ ಅಳತೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಗೆ ಇದರ ಒಂದೂವರೆಪಟ್ಟು. ಮನೆಯಲ್ಲಿ ಡಬ್ಬಿ ಕಟ್ಟುವವರಿಗೂ ಇದು ಒಳ್ಳೆಯ ಅಳತೆ. 100 ಗ್ರಾಂ ಅಕ್ಕಿ ಬೆಂದರೆ 250ರಿಂದ 300 ಗ್ರಾಂ ಅನ್ನವಾಗುತ್ತದೆ. ಹತ್ತೂವರೆಯ ಬ್ರೇಕಿಗೆಂದು ಇನ್ನೊಂದು ಪುಟ್ಟ ಡಬ್ಬಿ ಒಯ್ಯುವ ಮಗುವಿಗೆ ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನವೇ ಸಾಕೆಂಬುದು ನನ್ನ ಲೆಕ್ಕ. ಆದರೂ ಡಬ್ಬಿ ಬರಿದಾಗಿ ಕಾಣಬಾರದೆಂದು ಒತ್ತಿ ಒತ್ತಿ ತುಂಬುತ್ತೇವೆ.

ಆ ಹೆಚ್ಚುವರಿ 25 ಗ್ರಾಂ ಅಕ್ಕಿಯ ಅನ್ನ ದಿನವೂ ತಿರುಗಿ ಬಂತೆನ್ನಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ. ಅಂದರೆ ಒಂದು ಮಗುವಿನಿಂದ 5 ಕೆಜಿ ಅಕ್ಕಿ. ಕೆಜಿಗೆ 60 ರೂಪಾಯಿ ಹಿಡಿದರೂ 300 ರೂಪಾಯಿ. ಯಾರೂ ತಲೆ ಕೆಡಿಸಿಕೊಳ್ಳುವ ಮೊತ್ತವಲ್ಲ. ನೀರಿನ ಲೆಕ್ಕ ಹಾಗಲ್ಲ. ಒಂದು ಕೆಜಿ ಅಕ್ಕಿ ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. 5 ಕೆಜಿಗೆ 12,500 ಲೀಟರ್. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000 ರೂಪಾಯಿ ದರ ಕಟ್ಟಿತ್ತು. ಆ ಟ್ಯಾಂಕರಿನ ದಾರಿ ಕಾದವರು ಕೆ.ಆರ್.ಪುರದ ಕಡೆ ಬೇಕಾದಷ್ಟು ಮಂದಿ. ಒಂದು ಮಗು ಉಳಿಸಿ ತರುವ ಅನ್ನದ ಹಿಂದೆ ಅಂಥದೊಂದು ಟ್ಯಾಂಕರಿಗೂ ಮೀರಿದ ನೀರಿದೆ.

ಮಕ್ಕಳು ಉಳಿಸಿ ತರುವುದು ಹಟದಿಂದಲೇ ಅಲ್ಲ. ಕೆ.ಆರ್.ಪುರದಿಂದ ಇಂದಿರಾನಗರದ ಶಾಲೆಗೆ ಹೋಗುವ ಮಗು ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಬೇಕು. ಆರೂವರೆಗೆ ಮುಚ್ಚಿದ ಡಬ್ಬಿ ತೆರೆಯುವುದು ಹನ್ನೆರಡೂವರೆಗೆ: 6 ಗಂಟೆ. ಹಲಸೂರಿನಲ್ಲೇ ಓದುವ ಮಗುವಿನ ಡಬ್ಬಿ ಎಂಟೂವರೆಗೆ ಮುಚ್ಚಿದರೂ ನಡೆದೀತು: 4 ಗಂಟೆ. ಈ 2 ಗಂಟೆಯಲ್ಲಿ ಕಾಯಿ ಚಟ್ನಿ ಹಳಸುತ್ತದೆ, ಮೊಸರನ್ನ ಹುಳಿ ಬರುತ್ತದೆ. ದೂರದ ಮಕ್ಕಳಿಗೆ ಇಡ್ಲಿಯ ಜೊತೆ ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯೇ ವಾಸಿ. ಮೊಸರನ್ನಕ್ಕೆ ಅನ್ನವನ್ನು ಮೆತ್ತಗೆ ಕಿವುಚಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಕಳಿಸಿದರೆ ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಹಣ್ಣಿನದೂ ಇದೇ ಕಥೆ. ಹೆಚ್ಚಿಟ್ಟ ಸೇಬು ಕಪ್ಪಾಗಿ ಅರ್ಧ ವಾಪಸು ಬರುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಸಿಗುವ ಏಲಕ್ಕಿ ಬಾಳೆ ಪುಟ್ಟದು, ಸಿಪ್ಪೆಯೇ ಅದಕ್ಕೆ ಡಬ್ಬಿ. ಒಂದು ಹಣ್ಣು ಒಂದು ಮಗುವಿಗೆ ಸರಿಹೋಗುತ್ತದೆ.

ಒಂದು ವಾರ ಸಂಜೆ ಡಬ್ಬಿಯಲ್ಲಿ ಉಳಿದದ್ದನ್ನು ತೂಗಿ ಬರೆದಿಡಿ. 60 ಗ್ರಾಂ ಅನ್ನ ಉಳಿಯುತ್ತಿದ್ದರೆ ಮರುವಾರ 20 ಗ್ರಾಂ ಅಕ್ಕಿ ಕಡಿಮೆ ಹಾಕಿ. ತರಕಾರಿ, ಬೇಳೆಯನ್ನು ಮಾತ್ರ ಕಡಿಮೆ ಮಾಡಬೇಡಿ.